ಕಾರ್ಟೂನಿನ ಮೆಟ್ಟಿಲು ನೋಡಲು ಜಪಾನಿಗೆ?

ಪ್ರಶ್ನೆ: ನನ್ನ ಮಗಳಿಗೆ 23 ವರ್ಷ, ಕೆಲಸಕ್ಕೆ ಸೇರಿ ಒಂದು ವರ್ಷವಾಗಿದೆ. ಉಳಿಸಿದ ಹಣದಲ್ಲಿ ಒಬ್ಬಳೇ ಜಪಾನಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಏಕೆಂದು ಕೇಳಿದರೆ, ‘ಯುವರ್ ನೇಮ್’ ಎಂಬ ಕಾರ್ಟೂನ್ ಚಿತ್ರದಲ್ಲಿ ಬರುವ ಕೆಂಪು ಕಂಬಿಯ ಮೆಟ್ಟಿಲನ್ನು ಮೊಬೈಲಿನಲ್ಲಿ ತೋರಿಸುತ್ತಾಳೆ. ಕಾರ್ಟೂನ್ ನೋಡಿ ವಿದೇಶಕ್ಕೆ ಹೊರಡುವವರೂ ಇದ್ದಾರೆಯೇ?
– ಒಬ್ಬ ತಂದೆ, ಬಸವನಗುಡಿ, ಬೆಂಗಳೂರು

ಉತ್ತರ: ಖಂಡಿತ ಇದ್ದಾರೆ. ಮಕೊಟೊ ಶಿಂಕೈ ನಿರ್ದೇಶಿಸಿ 2016ರಲ್ಲಿ ತೆರೆಗೆ ಬಂದ ಆ ಚಿತ್ರದ ಮೆಟ್ಟಿಲು ಕಲ್ಪನೆಯದಲ್ಲ. ಟೋಕಿಯೊದ ಯೋತ್ಸುಯಾದಲ್ಲಿ, ಸುಗಾ ಎಂಬ ದೇಗುಲದ ಬಳಿ ಇದೆ. ಜಪಾನಿನ ಅನಿಮೆ, ಅಂದರೆ ಅಲ್ಲಿಯ ಕಾರ್ಟೂನ್, ಚಿತ್ರಕಾರರಲ್ಲಿ ಅನೇಕರು ನಿಜವಾದ ಬೀದಿಗಳನ್ನು ನೋಡಿಕೊಂಡೇ ಬರೆಯುತ್ತಾರೆ. ಜೋತುಬಿದ್ದ ವಿದ್ಯುತ್ ತಂತಿ, ರೈಲ್ವೆ ಗೇಟು, ಮಳೆಯಲ್ಲಿ ತೊಯ್ದ ರಸ್ತೆ ಯಾವುದನ್ನೂ ಬಿಡುವುದಿಲ್ಲ. ಹೀಗಾಗಿ ಯುವಜನರಿಗೆ ಅರಮನೆ, ಗೋಪುರಗಳಿಗಿಂತ ಅಲ್ಲಿಯ ದಿನನಿತ್ಯದ ಬದುಕಿನ ಮೇಲೆ ಮೋಹ ಹುಟ್ಟುತ್ತದೆ. ಪ್ರವಾಸಕ್ಕೆ ಇದು ಹಗುರವಾದ ಕಾರಣವೆಂದು ನನಗೆ ಅನಿಸುವುದಿಲ್ಲ.

ನಮ್ಮವರೇನು ಕಡಿಮೆ? ಮಾಲ್ಗುಡಿ ಭೂಪಟದಲ್ಲಿಲ್ಲದ ಊರೆಂದು ತಿಳಿದಿದ್ದರೂ, ಶಂಕರ್‌ನಾಗ್ ಅವರ ಧಾರಾವಾಹಿಯ ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯ ಜಗಲಿಯಲ್ಲಿ ಕುಳಿತು ಬರಲು ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿಯುತ್ತೇವೆ. ‘ಯುವರ್ ನೇಮ್’ನ ಇತೊಮೊರಿಯೂ ಅಂಥದೇ ಕಲ್ಪಿತ ಊರು; ಆದರೆ ಚಿತ್ರದಲ್ಲಿ ಕಾಣುವ ಗಿಫು ಪ್ರಾಂತ್ಯದ ಹಿದಾ ಫುರುಕಾವಾದ ರೈಲು ನಿಲ್ದಾಣಕ್ಕೆ ಇಂದಿಗೂ ಅಭಿಮಾನಿಗಳು ಇಳಿಯುತ್ತಾರೆ.

ಜಪಾನಿನಲ್ಲಿ ಇದಕ್ಕೆ ‘ಸೇಚಿ ಜುನ್ರೇ’, ಅಂದರೆ ಪುಣ್ಯಕ್ಷೇತ್ರ ಯಾತ್ರೆ, ಎಂಬ ಹೆಸರೇ ಬಿದ್ದಿದೆ. ಸೈತಾಮಾ ಪ್ರಾಂತ್ಯದ ವಾಶಿನೊಮಿಯಾ ದೇಗುಲದಲ್ಲಿ ಆ ಹೆಸರು ಅಕ್ಷರಶಃ ನಿಜವಾಯಿತು: 2007ರಲ್ಲಿ ಪ್ರಸಾರವಾದ ‘ಲಕ್ಕಿ ಸ್ಟಾರ್’ ಎಂಬ ಅನಿಮೆ ಸರಣಿಯಿಂದ ಅದು ಎಷ್ಟು ಹೆಸರಾಯಿತೆಂದರೆ, ಮರುವರ್ಷದ ಹೊಸ ವರ್ಷದ ದರ್ಶನಕ್ಕೆ ಸುಮಾರು 3 ಲಕ್ಷ ಜನ ಬಂದರು. ಹರಕೆ ಬರೆದು ತೂಗುಹಾಕುವ ಅಂಗೈಯಗಲದ ಮರದ ಹಲಗೆಗಳ ಮೇಲೆ, ಆ ಸರಣಿಯ ದೊಡ್ಡ ಕಣ್ಣಿನ ಹುಡುಗಿಯರ ಚಿತ್ರಗಳನ್ನು ಅಭಿಮಾನಿಗಳು ತಾವೇ ಬರೆದು ತೂಗುಹಾಕಿದರು. ದೇವರು ಬೇಸರಿಸಿಕೊಂಡ ಸುದ್ದಿಯಿಲ್ಲ.

ನಿಮ್ಮ ಮಗಳ ಹಟದ ಗಟ್ಟಿತನವನ್ನು ಅಳೆಯಬೇಕೆಂದಿದ್ದರೆ ಪ್ರವಾಸದ ಲೆಕ್ಕವನ್ನು ಅವಳಿಂದಲೇ ಬರೆಸಿ. ವೀಸಾ ಬೇಕೇ ಬೇಕು. ಟೋಕಿಯೊದ ಮಿತಾಕಾದಲ್ಲಿರುವ, ಹೆಸರಾಂತ ಅನಿಮೆ ಸ್ಟುಡಿಯೊ ಗಿಬ್ಲಿಯ ವಸ್ತುಸಂಗ್ರಹಾಲಯಕ್ಕೆ ಟಿಕೆಟನ್ನು ಮುಂಗಡವಾಗಿಯೇ ಕೊಳ್ಳಬೇಕು. ಬಾಗಿಲಲ್ಲಿ ಸಿಗುವುದಿಲ್ಲ, ಒಳಗೆ ಫೋಟೊ ತೆಗೆಯುವಂತೆಯೂ ಇಲ್ಲ. ಒಂದಿಷ್ಟು ಜಪಾನಿ ಭಾಷೆ ಕಲಿತರೆ ಅನುಕೂಲ; ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುವ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಎನ್5 ಎಂಬುದು ಮೊದಲ ಮೆಟ್ಟಿಲು.

ಇನ್ನೊಂದು ಮಾತನ್ನು ಅವಳಿಗೆ ತಿಳಿಸಿ. ‘ಸ್ಲ್ಯಾಮ್ ಡಂಕ್’ ಎಂಬ ಬಾಸ್ಕೆಟ್‌ಬಾಲ್ ಅನಿಮೆಯಿಂದ ಪ್ರಸಿದ್ಧವಾದ, ಕಡಲಿಗೆ ಮುಖ ಮಾಡಿದ ಕಾಮಾಕುರಾದ ರೈಲ್ವೆ ಗೇಟಿನಲ್ಲಿ ಫೋಟೊಗಾಗಿ ರಸ್ತೆಯ ನಡುವೆಯೇ ನಿಲ್ಲುವವರಿಂದ ಸ್ಥಳೀಯರು ಬೇಸತ್ತಿದ್ದಾರೆ. ಯೋತ್ಸುಯಾದ ಮೆಟ್ಟಿಲ ಸುತ್ತಲೂ ಜನ ವಾಸಿಸುವ ಮನೆಗಳೇ ಇವೆ. ಬೆಳಗ್ಗೆ ಬೇಗ ಹೋಗಿ ಸದ್ದಿಲ್ಲದೆ ನೋಡಿ ಬರಲಿ. ಅವಳು ವೀಸಾ ಅರ್ಜಿ ತುಂಬುವ ಮೊದಲು ಒಂದು ಭಾನುವಾರ ಆ ಚಿತ್ರವನ್ನು ನೀವೂ ಅವಳ ಜೊತೆ ಕುಳಿತು ನೋಡಿ. ಎರಡು ಗಂಟೆಯೂ ಹಿಡಿಯುವುದಿಲ್ಲ. ಮೆಟ್ಟಿಲು ಬರುವುದು ಕೊನೆಗೆ, ಆದ್ದರಿಂದ ನಡುವೆ ಎದ್ದು ಹೋಗಬೇಡಿ.