ಸರ್ವರ್‌ನ ಫೈರ್‌ವಾಲ್ ಒಂದೇ ಡಿಡಾಸ್ ದಾಳಿ ತಡೆಯುತ್ತದಾ?

ಚಿಕ್ಕ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ಸೈಟ್ ನಡೆಸುತ್ತಿದ್ದೀರಿ, ಎಷ್ಟೋ ಕಂಪ್ಯೂಟರ್‌ಗಳಿಂದ ಒಟ್ಟಿಗೆ ಟ್ರಾಫಿಕ್ ಸುರಿಸಿ ಸೈಟ್ ಬೀಳಿಸುವ ಡಿಡಾಸ್ ದಾಳಿ ಬಂದಾಗ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಫೈರ್‌ವಾಲ್) ಐಪಿಗಳನ್ನು ಬ್ಲಾಕ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ನೇರವಾಗಿ ಹೇಳ್ತೀನಿ, ಸಾಲದು.

ಮೊದಲು ತುಂಬುತ್ತಿರುವುದು ಏನು ಅಂತ ನೋಡಿ. ಸರ್ವರ್‌ನ ಒಳಗಿನ ಜಾಗವಾ, ಅಲ್ಲಿಗೆ ಬರುವ ಲೈನಾ?

ಒಳಗಿನದಾದರೆ ನಿಮ್ಮ ಕೈಯಲ್ಲೇ ಇದೆ. ಸಿನ್ ಫ್ಲಡ್ ನೋಡಿ. 1996ರಲ್ಲಿ ನ್ಯೂಯಾರ್ಕ್‌ನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಕಂಪನಿ ಇದರಿಂದಲೇ ಒದ್ದಾಡಿತ್ತು. ದಾಳಿಕೋರರು ಸುಳ್ಳು ವಿಳಾಸದಿಂದ ಸಿನ್ ಎಂಬ ಸಂದೇಶ ಕಳಿಸಿ ಕನೆಕ್ಷನ್ ಕೇಳುತ್ತಾರೆ. ಸರ್ವರ್ ಉತ್ತರ ಕಳಿಸಿ, ಅದನ್ನು ಸಾಲಿನಲ್ಲಿಟ್ಟುಕೊಂಡು ಕಾಯುತ್ತದೆ. ಆ ಕಡೆಯಿಂದ ಯಾರೂ ಬರುವುದಿಲ್ಲ, ಸಾಲು ತುಂಬುತ್ತದೆ, ನಿಜವಾದ ಓದುಗರಿಗೆ ಜಾಗವೇ ಇರುವುದಿಲ್ಲ. ಇದಕ್ಕೆ ಬಂದ ಸಿನ್ ಕುಕಿ ನನಗೆ ಬಹಳ ಇಷ್ಟವಾದ ಉಪಾಯ. ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳದೆ, ತಾನು ಕಳಿಸುವ ಉತ್ತರದ ಸೀಕ್ವೆನ್ಸ್ ನಂಬರಿನಲ್ಲೇ (ಕ್ರಮ ಸಂಖ್ಯೆ) ಗುರುತು ಸೇರಿಸಿಬಿಡುತ್ತದೆ. ಅದು ಸರಿಯಾಗಿ ವಾಪಸ್ ಬಂದರೆ ಮಾತ್ರ ಜಾಗ ಕೊಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಆನ್ ಇರುತ್ತದೆ, ಆದರೂ ಒಮ್ಮೆ ನೋಡಿಕೊಳ್ಳಿ. ಲಾಗಿನ್, ಸರ್ಚ್ ಪುಟಗಳಿಗೆ ಎಂಜಿನ್‌ಎಕ್ಸ್‌ನಲ್ಲಿ (ವೆಬ್ ಸರ್ವರ್ ತಂತ್ರಾಂಶ) ರೇಟ್ ಲಿಮಿಟ್ ಹಾಕಿ, ಅಂದರೆ ಇಷ್ಟು ಹೊತ್ತಿಗೆ ಇಷ್ಟೇ ಸಲ ಕೇಳಬಹುದು ಅಂತ ಮಿತಿ.

ಲೈನೇ ತುಂಬಿದರೆ ಕಥೆ ಬೇರೆ. ಬೀದಿಯೇ ಜಾಮ್ ಆಗಿರುವಾಗ ಮನೆ ಬಾಗಿಲಲ್ಲಿ ಕಾವಲು ನಿಲ್ಲಿಸಿ ಏನು ಬಂತು? 2018ರ ಫೆಬ್ರವರಿ 28ರಂದು ಕೋಡ್ ಇಡುವ ದೊಡ್ಡ ತಾಣ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಬಂದು ಬಿತ್ತು. ದಾಳಿಕೋರರು ಕಳಿಸಿದವರ ಜಾಗದಲ್ಲಿ ಗಿಟ್‌ಹಬ್ ವಿಳಾಸ ಹಾಕಿ, ತೆರೆದು ಬಿದ್ದಿದ್ದ ಮೆಮ್‌ಕ್ಯಾಶ್‌ಡ್ (ಡೇಟಾವನ್ನು ಮೆಮೊರಿಯಲ್ಲಿ ಇಟ್ಟು ಬೇಗ ಕೊಡುವ ತಂತ್ರಾಂಶ) ಸರ್ವರ್‌ಗಳಿಗೆ ಚಿಕ್ಕ ಪ್ರಶ್ನೆ ಕಳಿಸಿದ್ದರು. ಸಾವಿರಾರು ಪಟ್ಟು ದೊಡ್ಡ ಉತ್ತರಗಳೆಲ್ಲ ಗಿಟ್‌ಹಬ್‌ಗೆ ಹೋದವು. ಅಂಥ ಕಂಪನಿಯೇ ಟ್ರಾಫಿಕ್ಕನ್ನು ಇಂಥ ದಾಳಿ ತಡೆಯುವ ಸೇವೆ ಕೊಡುವ ಅಕಮೈ ಕಂಪನಿಯ ಕಡೆಗೆ ತಿರುಗಿಸಿ, ಅಲ್ಲಿ ಸೋಸಿಸಿಕೊಂಡು ಉಳಿಯಿತು. ನಮ್ಮ ಪುಟ್ಟ ವಿಪಿಎಸ್ ಎಲ್ಲಿ ತಡೆದೀತು, ಅಲ್ವಾ?

ಹಾಗಾಗಿ ಸರ್ವರ್‌ನ ಮುಂದೆ ಒಂದು ಸಿಡಿಎನ್ ಇಟ್ಟುಕೊಳ್ಳಿ, ಅಂದರೆ ಟ್ರಾಫಿಕ್ಕನ್ನು ಮೊದಲು ತಾನು ತೆಗೆದುಕೊಳ್ಳುವ ಸರ್ವರ್‌ಗಳ ಜಾಲ. ಅಂಥ ಒಂದು ಸೇವೆಯಾದ ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನಿನಲ್ಲೂ ಈ ರಕ್ಷಣೆ ಇದೆ. ಆದರೆ ಜಾಸ್ತಿ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಮ್ಮ ಹಳೆಯ ಐಪಿ ಹೊರಗೆ ಗೊತ್ತಿದ್ದರೆ ದಾಳಿ ಸಿಡಿಎನ್ ಬಿಟ್ಟು ನೇರ ಅದಕ್ಕೇ ಬರುತ್ತದೆ. ಐಪಿ ಬದಲಿಸಿ. ವೆಬ್ ಪೋರ್ಟ್‌ಗಳಿಗೆ ಸಿಡಿಎನ್ ವಿಳಾಸಗಳನ್ನು ಮಾತ್ರ ಒಳಗೆ ಬಿಡಿ. ಅದೇ ಸರ್ವರ್‌ನಿಂದ ಮೇಲ್ ಕಳಿಸಬೇಡಿ, ಹೆಡರ್‌ನಲ್ಲಿ ಐಪಿ ಕಾಣಿಸುತ್ತದೆ.

ದಾಳಿ ಆದಾಗ ನಿಮ್ಮ ಐಪಿಯನ್ನೇ ನಲ್ ರೂಟ್ (ಅದಕ್ಕೆ ಬರುವ ಟ್ರಾಫಿಕ್ಕನ್ನೆಲ್ಲ ಎಸೆದುಬಿಡುವುದು) ಮಾಡುತ್ತಾರಾ ಅಂತ ಹೋಸ್ಟಿಂಗ್‌ನವರನ್ನು ಇವತ್ತೇ ಕೇಳಿ. ಮೆಮ್‌ಕ್ಯಾಶ್‌ಡ್ ಬಳಸುತ್ತಿದ್ದರೆ 11211 ಪೋರ್ಟ್ ಹೊರಗಿನವರಿಗೆ ಮುಚ್ಚಿ. ಇಲ್ಲದಿದ್ದರೆ ನಿಮ್ಮ ಸರ್ವರ್‌ನಿಂದಲೇ ಇನ್ನೊಬ್ಬರ ಸೈಟ್ ಬೀಳಿಸುತ್ತಾರೆ.