ಎರಡು ವರ್ಷದ ನರ್ಸಿಂಗಾ, ನಾಲ್ಕು ವರ್ಷದ್ದಾ? ಡಲ್ಲಾಸ್‌ಗೆ ಹೊಸದಾಗಿ ಬಂದ ತಂಗಿಗೆ

ಅಕ್ಕ ಅಂತ ಕರೆದು ಕೇಳಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ದಾವಣಗೆರೆಯಲ್ಲಿ ಮೂರು ವರ್ಷದ ಬಿಎಸ್ಸಿ ಮುಗಿಸಿದ್ದೀಯ. ಎಚ್-4 ವೀಸಾದಲ್ಲಿ ಗಂಡನ ಜೊತೆ ಡಲ್ಲಾಸ್‌ಗೆ ಬಂದು ಐದು ತಿಂಗಳಾಗಿದೆ. ಮಡಿಲಲ್ಲಿ ಚಿಕ್ಕ ಮಗು. ನರ್ಸ್ ಆಗುವ ಆಸೆ. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಅಂದರೆ ಎಡಿಎನ್, ಸಾಕಾ? ಇಲ್ಲಾ ಯೂನಿವರ್ಸಿಟಿಯ ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿ, ಅಂದರೆ ಬಿಎಸ್‌ಎನ್, ಬೇಕಾ? "ಎರಡು ವರ್ಷ ಓದಿದವರು ಅರ್ಧ ನರ್ಸ್ ಅಂತಾರಲ್ಲ, ನಿಜಾನಾ ಅಕ್ಕ?" ಅಂತಲೂ ಕೇಳಿದ್ದೀಯ.

ಸುಳ್ಳು. ನಾನೇ ಎಡಿಎನ್ ಮಾಡಿ ಕೆಲಸಕ್ಕೆ ಸೇರಿದವಳು. ಬಿಎಸ್‌ಎನ್ ಆಮೇಲೆ ಬಂತು. ಎರಡು ಕಡೆಯವರೂ ಬರೆಯುವುದು ಒಂದೇ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ. ಐದು ಗಂಟೆ ಸಮಯ, 85ರಿಂದ 150 ಪ್ರಶ್ನೆ. ಪಾಸಾದರೆ ಸಿಗುವುದೂ ಒಂದೇ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್, ಲೈಸೆನ್ಸ್. ನನ್ನ ಜೊತೆ ಅದೇ ವಾರ್ಡಿಗೆ ಸೇರಿದ ಹುಡುಗಿ ಬಿಎಸ್‌ಎನ್ ಮುಗಿಸಿ ಬಂದಿದ್ದಳು. ಮೊದಲ ಆರು ತಿಂಗಳು ಇಬ್ಬರೂ ಒಂದೇ ಸಮ ಹೆದರಿಕೊಂಡೇ ಕೆಲಸ ಮಾಡಿದೆವು.

ಆದರೆ "ಎರಡು ವರ್ಷ" ಅನ್ನುವ ಮಾತನ್ನು ನಂಬಬೇಡ. ನರ್ಸಿಂಗ್ ಕ್ಲಾಸಿಗೆ ಕಾಲಿಡುವ ಮೊದಲೇ ಅನಾಟಮಿ-ಫಿಸಿಯಾಲಜಿ ಎರಡು ಸೆಮಿಸ್ಟರ್, ಮೈಕ್ರೋಬಯಾಲಜಿ, ಇಂಗ್ಲಿಷ್, ಸೈಕಾಲಜಿ ಮುಗಿಸಿರಬೇಕು. ಮೇಲೆ ಟೀಸ್ ಅಥವಾ ಹೆಸಿ ಪ್ರವೇಶ ಪರೀಕ್ಷೆ. ಅರ್ಜಿಗಳು ಜಾಸ್ತಿ, ಸೀಟು ಕಡಿಮೆ. ನನಗೆ ಮೊದಲ ಸಲ ಸೀಟು ಸಿಗಲಿಲ್ಲ. ಒಟ್ಟು ಲೆಕ್ಕ ಹಾಕಿದರೆ ನನ್ನ ಎರಡು ವರ್ಷದ ಡಿಗ್ರಿಗೆ ನಾಲ್ಕು ವರ್ಷ ಹಿಡಿಯಿತು.

ಒಂದೇ ಲೈಸೆನ್ಸಿಗೆ ಎರಡು ದಾರಿ ಯಾಕೆ ಅಂತ ನಿನಗೆ ಅನ್ನಿಸಬಹುದು. ಎರಡನೇ ಮಹಾಯುದ್ಧ ಮುಗಿದಾಗ ಇಲ್ಲಿ ನರ್ಸ್‌ಗಳ ಕೊರತೆ ವಿಪರೀತವಾಗಿತ್ತು. ಆಗ ಹೆಚ್ಚಿನವರು ಆಸ್ಪತ್ರೆಗಳೇ ನಡೆಸುತ್ತಿದ್ದ ಮೂರು ವರ್ಷದ ಡಿಪ್ಲೊಮಾ ಓದುತ್ತಿದ್ದರು. 1951ರಲ್ಲಿ ಮಿಲ್ಡ್ರೆಡ್ ಮೊಂಟಾಗ್ ಅನ್ನುವ ನರ್ಸಿಂಗ್ ಶಿಕ್ಷಕಿ, ಕಮ್ಯುನಿಟಿ ಕಾಲೇಜುಗಳಲ್ಲೇ ಎರಡು ವರ್ಷದಲ್ಲಿ ನರ್ಸ್‌ಗಳನ್ನು ತಯಾರು ಮಾಡಬಹುದು ಎಂದು ಪ್ರಸ್ತಾಪ ಇಟ್ಟರು. ಅವರ ಮನಸ್ಸಿನಲ್ಲಿದ್ದದ್ದು ಬೇರೆ ಥರದ ನರ್ಸ್, ಡಿಗ್ರಿ ನರ್ಸ್ ಜೊತೆ ನಿಂತು ಕೆಲಸ ಮಾಡುವ "ಟೆಕ್ನಿಕಲ್ ನರ್ಸ್". ಕೊನೆಗೆ ಇಬ್ಬರಿಗೂ ಒಂದೇ ಲೈಸೆನ್ಸ್ ಸಿಕ್ಕಿತು. 1965ರಲ್ಲಿ ಅಮೆರಿಕನ್ ನರ್ಸಸ್ ಅಸೋಸಿಯೇಷನ್ "ಬ್ಯಾಚುಲರ್ ಡಿಗ್ರಿಯೇ ಕನಿಷ್ಠ ಆಗಲಿ" ಅಂತ ಹೇಳಿತು. ಅವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ. ನಾರ್ತ್ ಡಕೋಟ 1987ರಲ್ಲಿ ಹಾಗೇ ನಿಯಮ ಮಾಡಿ, 2003ರಲ್ಲಿ ವಾಪಸ್ ತೆಗೆದುಕೊಂಡಿತು. ನ್ಯೂಯಾರ್ಕ್ 2017ರಲ್ಲಿ, ಹೊಸದಾಗಿ ಲೈಸೆನ್ಸ್ ಪಡೆದವರು ಹತ್ತು ವರ್ಷದೊಳಗೆ ಬ್ಯಾಚುಲರ್ ಮುಗಿಸಬೇಕು ಎಂದು ಕಾನೂನು ಮಾಡಿತು. ನಮ್ಮ ಟೆಕ್ಸಾಸ್‌ನಲ್ಲಿ ಅಂಥ ಕಾನೂನಿಲ್ಲ. ಊರಲ್ಲೂ ಡಿಪ್ಲೊಮಾದ ಜಿಎನ್‌ಎಂ, ಡಿಗ್ರಿಯ ಬಿಎಸ್ಸಿ ನರ್ಸಿಂಗ್ ಅಂತ ಇದೇ ಕಥೆ ಇದೆಯಲ್ಲ. ಜಿಎನ್‌ಎಂ ಆದವರು ಆಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡುವ ಹಾಗೆ ಇಲ್ಲಿ ಎಡಿಎನ್ ಆದವರಿಗೆ ಆರ್‌ಎನ್-ಟು-ಬಿಎಸ್‌ಎನ್ ಕೋರ್ಸ್ ಇದೆ.

ಹಾಗಾದರೆ ಓದಿನಲ್ಲಿ ವ್ಯತ್ಯಾಸವೇ ಇಲ್ವಾ? ಇದೆ. ಟೆಕ್ಸಾಸ್ ನರ್ಸಿಂಗ್ ಬೋರ್ಡ್ ಯಾವ ಡಿಗ್ರಿಯವರಿಗೆ ಏನೇನು ಬರಬೇಕು ಎಂದು ಪಕ್ಕಪಕ್ಕದಲ್ಲಿಟ್ಟು ಒಂದು ದಾಖಲೆಯನ್ನೇ ಮಾಡಿದೆ. ಅದನ್ನು ಓದಿದರೆ ಗೊತ್ತಾಗುತ್ತದೆ, ಎಡಿಎನ್‌ನವರ ನೋಟ ರೋಗಿ ಮತ್ತು ಅವರ ಮನೆಯವರ ಮೇಲೆ. ಬಿಎಸ್‌ಎನ್‌ನವರಿಗೆ ಅದರ ಜೊತೆ ಇಡೀ ಸಮುದಾಯವೂ ಸೇರುತ್ತದೆ. ಸಂಶೋಧನೆ ಓದಿ ಅರ್ಥ ಮಾಡಿಕೊಳ್ಳುವುದು, ತಂಡ ನಡೆಸುವುದು, ಸಾರ್ವಜನಿಕ ಆರೋಗ್ಯ ಇವೆಲ್ಲ ಅಲ್ಲಿ ಹೆಚ್ಚು.

ನನಗೂ ಇದು ಬರೀ ಕಾಗದದ ಮಾತು ಅನ್ನಿಸಿತ್ತು. ಎಡಿಎನ್‌ನಲ್ಲಿ ನಮ್ಮ ಕೈ ಚೆನ್ನಾಗಿ ಪಳಗಿತು. ಐವಿ ಹಾಕುವುದು, ಔಷಧಿ ಡೋಸ್ ಲೆಕ್ಕ, ಕೇರ್ ಪ್ಲಾನ್, ಬೆಳಗಿನ ಜಾವ ಎದ್ದು ಕ್ಲಿನಿಕಲ್. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಸಕ್ಕರೆ ಕಾಯಿಲೆಯ ಒಬ್ಬ ಅಜ್ಜ ಆರು ತಿಂಗಳಲ್ಲಿ ಮೂರು ಸಲ ನಮ್ಮ ವಾರ್ಡಿಗೆ ಬಂದರು. ಮೂರು ಸಲವೂ ನಾನೇ ಇನ್ಸುಲಿನ್ ಚುಚ್ಚುವುದನ್ನು ಹೇಳಿಕೊಟ್ಟೆ. ಅವರೂ ಸರಿಯಾಗೇ ಮಾಡಿ ತೋರಿಸಿದರು. ಮತ್ತೆ ಯಾಕೆ ಬರುತ್ತಾರೆ ಅಂತ ನನಗೆ ಸಿಟ್ಟು. ಆಮೇಲೆ ಬಿಎಸ್‌ಎನ್‌ನ ಕಮ್ಯುನಿಟಿ ಹೆಲ್ತ್ ಕೋರ್ಸಿನಲ್ಲಿ ಬಡವರ ಅಪಾರ್ಟ್‌ಮೆಂಟುಗಳಿಗೆ ಹೋಗಬೇಕಾಯಿತು. ಒಂದು ಮನೆಯಲ್ಲಿ ಫ್ರಿಜ್ ಕೆಟ್ಟು ತಿಂಗಳಾಗಿತ್ತು. ಬಿಸಿಯಾದರೆ ಕೆಟ್ಟುಹೋಗುವ ಇನ್ಸುಲಿನ್ ಟೆಕ್ಸಾಸ್ ಬಿಸಿಲಿಗೆ ಕಾಯುತ್ತಾ ಕಿಟಕಿ ಪಕ್ಕ ಕೂತಿತ್ತು! ಆ ಅಜ್ಜನಿಗೆ ನಾನು ಒಂದು ಸಲವೂ "ಮನೆಯಲ್ಲಿ ಇದನ್ನು ಎಲ್ಲಿ ಇಡುತ್ತೀರಿ?" ಅಂತ ಕೇಳಿರಲಿಲ್ಲ. ಈಗ ಎಲ್ಲರಿಗೂ ಕೇಳುತ್ತೇನೆ.

ಆಸ್ಪತ್ರೆಗಳು ಬಿಎಸ್‌ಎನ್ ಹಿಂದೆ ಬೀಳುವುದಕ್ಕೆ ಕಾರಣವೂ ಇದೆ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಅವರ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದು 2003ರಲ್ಲಿ ಪ್ರಕಟಿಸಿದರು. ಬ್ಯಾಚುಲರ್ ಆದ ನರ್ಸ್‌ಗಳ ಪ್ರಮಾಣ 10 ಶೇಕಡಾ ಹೆಚ್ಚಿದ್ದ ಕಡೆ, ಆಪರೇಷನ್ ಆದ ರೋಗಿಗಳು ಸಾಯುವ ಸಾಧ್ಯತೆ ಸುಮಾರು 5 ಶೇಕಡಾ ಕಡಿಮೆ ಇತ್ತು. ಇದು ಇಡೀ ಆಸ್ಪತ್ರೆಯ ಲೆಕ್ಕ. ಒಬ್ಬ ಎಡಿಎನ್ ನರ್ಸ್ ಕಡಿಮೆ ಅಂತ ಅರ್ಥ ಅಲ್ಲ. ಆದರೂ 2010ರಲ್ಲಿ, ಆರೋಗ್ಯ ವಿಷಯದಲ್ಲಿ ದೇಶಕ್ಕೆ ಸಲಹೆ ಕೊಡುವ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, 2020ರ ಹೊತ್ತಿಗೆ 80 ಶೇಕಡಾ ನರ್ಸ್‌ಗಳು ಬ್ಯಾಚುಲರ್ ಆಗಿರಲಿ ಅಂದಿತು. ಒಳ್ಳೆಯ ನರ್ಸಿಂಗ್ ಇರುವ ಆಸ್ಪತ್ರೆಗೆ ಕೊಡುವ ಮ್ಯಾಗ್ನೆಟ್ ಮಾನ್ಯತೆ ಬೇಕಾದರೆ, ಅಲ್ಲಿನ ನರ್ಸ್ ಮ್ಯಾನೇಜರ್‌ಗಳಿಗೆ ನರ್ಸಿಂಗ್‌ನಲ್ಲಿ ಬ್ಯಾಚುಲರ್ ಅಥವಾ ಅದಕ್ಕಿಂತ ಮೇಲಿನ ಡಿಗ್ರಿ ಇರಲೇಬೇಕು. ಹೀಗಾಗಿ ದೊಡ್ಡ ಪೇಟೆಯ ದೊಡ್ಡ ಆಸ್ಪತ್ರೆಗಳಲ್ಲಿ ಹೊಸ ಎಡಿಎನ್‌ಗಳಿಗೆ ಬಾಗಿಲು ಕಿರಿದು. ನಾನು ಒಂದು ಕಡೆ ಹಾಕಿದ ಅರ್ಜಿಗೆ ರಾತ್ರಿ ಹತ್ತು ನಿಮಿಷದಲ್ಲೇ "ಇಲ್ಲ" ಬಂದಿತ್ತು. ಮನುಷ್ಯರು ಓದಿರಲೇ ಇಲ್ಲ ಅಲ್ವಾ! ಊರಾಚೆಯ ಸಣ್ಣ ಆಸ್ಪತ್ರೆ, ನರ್ಸಿಂಗ್ ಹೋಮ್, ಡಯಾಲಿಸಿಸ್ ಸೆಂಟರ್‌ಗಳಲ್ಲಿ ಇಷ್ಟು ಕಷ್ಟವಿಲ್ಲ. ಸಂಬಳದ ವ್ಯತ್ಯಾಸ ವಾರ್ಡಿನಲ್ಲಿ ಅಷ್ಟೇನಿಲ್ಲ. ಬಿಎಸ್‌ಎನ್ ಆದಮೇಲೆ ನನಗೆ ಗಂಟೆಗೆ ಒಂದು ಡಾಲರ್ ಜಾಸ್ತಿ ಆಯಿತು, ಅಷ್ಟೇ. ಮುಂದೆ ಇನ್ನೂ ಓದಿ ನರ್ಸ್ ಪ್ರಾಕ್ಟಿಷನರ್, ಅಂದರೆ ತಾವೇ ರೋಗ ಪತ್ತೆ ಮಾಡಿ ಔಷಧಿ ಬರೆಯುವ ನರ್ಸ್, ಆಗಬೇಕಾದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ನಿನ್ನ ವಿಷಯದಲ್ಲಿ ಡಿಗ್ರಿಗಿಂತ ಮೊದಲು ನೋಡಬೇಕಾದ್ದು ವೀಸಾ. ಎಚ್-4ನಲ್ಲಿ ಓದಬಹುದು, ಕೆಲಸ ಮಾಡುವಂತಿಲ್ಲ. ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಅವರ ಕಂಪನಿ ಹಾಕುವ ಅರ್ಜಿ, ಮಂಜೂರಾಗಿದ್ದರೆ ಕೆಲಸದ ಪರವಾನಗಿ, ಅಂದರೆ ಇಎಡಿ, ಕೇಳಬಹುದು. ಅದಿಲ್ಲದಿದ್ದರೆ ಲೈಸೆನ್ಸ್ ಬೀರುವಿನಲ್ಲಿ ಕೂರುತ್ತದೆ. ಸಾಮಾನ್ಯ ವಾರ್ಡ್ ನರ್ಸ್ ಕೆಲಸಕ್ಕೆ ಎಚ್-1ಬಿ ಕೆಲಸದ ವೀಸಾ ಸಿಗುವುದು ತುಂಬಾ ಕಷ್ಟ. ಇವತ್ತು ರಾತ್ರಿಯೇ ಗಂಡನನ್ನು ಕೂರಿಸಿಕೊಂಡು ಐ-140 ಎಲ್ಲಿಗೆ ಬಂದಿದೆ ಅಂತ ಕೇಳು.

ಬೇರೆ ವಿಷಯದಲ್ಲಿ ಡಿಗ್ರಿ ಆದವರಿಗೆ ಒಂದು, ಒಂದೂವರೆ ವರ್ಷದ ಆಕ್ಸಿಲರೇಟೆಡ್ ಬಿಎಸ್‌ಎನ್ ಇದೆ. ಆದರೆ ನಮ್ಮ ಮೂರು ವರ್ಷದ ಡಿಗ್ರಿಯನ್ನು ಇಲ್ಲಿನ ನಾಲ್ಕು ವರ್ಷದ್ದಕ್ಕೆ ಸಮ ಅಂತ ಎಲ್ಲರೂ ಒಪ್ಪುವುದಿಲ್ಲ. ಮೊದಲು ಮಾರ್ಕ್ಸ್ ಕಾರ್ಡ್‌ಗಳ ಇವ್ಯಾಲ್ಯುಯೇಷನ್ ಮಾಡಿಸು. ಅದು ಸಮ ಅಂತ ಬಂದರೂ ಚಿಕ್ಕ ಮಗು ಇಟ್ಟುಕೊಂಡು ಆ ಓಟ ಓಡುವುದು ನನಗಂತೂ ಆಗುತ್ತಿರಲಿಲ್ಲ.

ನಿನ್ನ ಜಾಗದಲ್ಲಿದ್ದರೆ ನಾನು ಈಗಲೂ ಕಮ್ಯುನಿಟಿ ಕಾಲೇಜಿನಲ್ಲೇ ಶುರು ಮಾಡುತ್ತೇನೆ. ಮಗು ಮಲಗಿದ ಮೇಲೆ ಒಂದೊಂದೇ ಕೋರ್ಸ್. ಆದರೆ ಅಲ್ಲೊಂದು ಉಪಾಯ ಮಾಡು. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಲ್ಲಿ 42 ಕ್ರೆಡಿಟ್‌ನ ಕೋರ್ ಕೋರ್ಸ್‌ಗಳು ಒಂದರಿಂದ ಇನ್ನೊಂದಕ್ಕೆ ವರ್ಗ ಆಗುತ್ತವೆ. ಬ್ಯಾಚುಲರ್‌ಗೆ ಅಮೆರಿಕದ ಇತಿಹಾಸ, ಸರ್ಕಾರ ಎರಡೆರಡು ಕೋರ್ಸ್ ಕಡ್ಡಾಯ. ನಾನು ಅವನ್ನು ಬಿಟ್ಟಿದ್ದೆ. ಆಮೇಲೆ ರಾತ್ರಿ ಪಾಳಿ ಮುಗಿಸಿ ಬಂದು ಅಲಾಮೊ ಯುದ್ಧದ ಬಗ್ಗೆ ಪ್ರಬಂಧ ಬರೆದೆ. ನೀನು ಈಗಲೇ ಮುಗಿಸಿಕೊ. ಅನಾಟಮಿಯನ್ನು ಮಾತ್ರ ತೀರಾ ಮುಂಚೆ ಮಾಡಬೇಡ. ಐದಾರು ವರ್ಷ ಹಳೆಯದಾದರೆ ಕೆಲವು ಕಾಲೇಜು ಒಪ್ಪುವುದಿಲ್ಲ.

ಕೆಲಸ ಸಿಕ್ಕಮೇಲೆ ಬಿಎಸ್‌ಎನ್‌ಗೆ ಆನ್‌ಲೈನ್‌ನಲ್ಲೇ ಸೇರಬಹುದು. ಫೀಸು ಕೊಡುವ ಆಸ್ಪತ್ರೆಗಳಿವೆ, ವರ್ಷಕ್ಕೆ 5,250 ಡಾಲರ್‌ವರೆಗೆ ಅದಕ್ಕೆ ತೆರಿಗೆ ಇಲ್ಲ. ಬದಲಿಗೆ ಇಷ್ಟು ವರ್ಷ ಇಲ್ಲೇ ಇರಬೇಕು ಅಂತ ಸಹಿ ಹಾಕಿಸಿಕೊಳ್ಳಬಹುದು, ಓದಿ ಸಹಿ ಮಾಡು. ಸೇರುವ ಕಾಲೇಜಿಗೆ ಟೆಕ್ಸಾಸ್ ಬೋರ್ಡ್ ಒಪ್ಪಿಗೆ, ಜೊತೆಗೆ ನರ್ಸಿಂಗ್ ಕೋರ್ಸ್‌ಗಳನ್ನು ಪರಿಶೀಲಿಸುವ ಎಸಿಇಎನ್ ಅಥವಾ ಸಿಸಿಎನ್‌ಇ ಸಂಸ್ಥೆಯ ಮಾನ್ಯತೆ ಇದೆಯಾ ನೋಡು. ಇಲ್ಲದಿದ್ದರೆ ಮುಂದಿನ ಓದಿಗೆ ತೊಡಕು.

ಈ ಶನಿವಾರ ನನಗೆ ಡ್ಯೂಟಿ ಇಲ್ಲ. ಮಾರ್ಕ್ಸ್ ಕಾರ್ಡ್ ಹುಡುಕಿಟ್ಟುಕೊಂಡು ಮಧ್ಯಾಹ್ನದ ಮೇಲೆ ಫೋನ್ ಮಾಡು. ಬೆಳಿಗ್ಗೆ ಬೇಡ, ಶುಕ್ರವಾರ ರಾತ್ರಿ ಪಾಳಿ.