ಈರುಳ್ಳಿ ಮೂಟೆಗೆ ಸರಿ, ಮನೆಯವರಿಗೆ ಸಾಲದು

ಯಶವಂತಪುರದಿಂದ ಜಯನಗರದ ಅಂಗಡಿಗೆ ಈರುಳ್ಳಿ ತರಲು, ಭಾನುವಾರ ಮನೆಯವರೊಂದಿಗೆ ಓಡಾಡಲು ಟಾಟಾ ಏಸ್ ಇವಿ (ಬ್ಯಾಟರಿಯಲ್ಲಿ ಓಡುವ ಚಿಕ್ಕ ಗೂಡ್ಸ್ ಗಾಡಿ) ಆಗುತ್ತದೆಯೇ ಅಂತ ಕೇಳಿದ್ದೀರಿ. ಈರುಳ್ಳಿಗೆ ಖಂಡಿತ ಆಗುತ್ತದೆ ಸರ್. 2022ರ ಮಾಡೆಲ್‌ಗೆ ಒಂದು ಫುಲ್ ಚಾರ್ಜ್‌ಗೆ ಕಂಪನಿ ಹೇಳಿದ್ದು 154 ಕಿ.ಮೀ. ಲೋಡ್ ಹಾಕಿದರೆ ಅಷ್ಟು ಬರುವುದಿಲ್ಲ, 100 ಅಂತಲೇ ಲೆಕ್ಕ ಇಟ್ಟುಕೊಳ್ಳಿ. ನಿಮ್ಮದು ಹೋಗಿ ಬಂದರೂ 30ರ ಆಸುಪಾಸು ಅಲ್ವಾ? ಜಾಮ್‌ನಲ್ಲಿ ನಿಂತರೆ ಡೀಸೆಲ್‌ನ ಹಾಗೆ ಸುಮ್ನೆ ಉರಿಯುವುದಿಲ್ಲ. ಬ್ರೇಕ್ ಒತ್ತಿದಾಗ ಒಂದಿಷ್ಟು ಚಾರ್ಜ್ ವಾಪಸ್ ಬರುತ್ತದೆ.

ತೂಕ ಮಾತ್ರ ನೋಡಿಕೊಳ್ಳಿ. ಅದರ ಮಿತಿ 600 ಕೆಜಿ, ಅಂದರೆ 50 ಕೆಜಿಯ 12 ಮೂಟೆ. ಜಾಸ್ತಿ ಬೇಕಿದ್ದರೆ 1 ಟನ್ ಮಾಡೆಲ್ ನೋಡಿ.

ಬಾಡಿಗೆ ಮನೆಯಾದರೆ ಮೊದಲು ಓನರ್ ಹತ್ತಿರ ಮಾತಾಡಿ, ಚಾರ್ಜ್ ಮಾಡಲು 15 ಆಂಪ್ ಪ್ಲಗ್, ಅರ್ತಿಂಗ್ ಸರಿ ಮಾಡಿಸಿ. ಭಾನುವಾರ ಮನೆಯವರೊಂದಿಗೆ ಓಡಾಡಲು ಈ ಗಾಡಿ ಬೇಡ. ಡ್ರೈವರ್ ಪಕ್ಕ ಒಬ್ಬರಿಗಷ್ಟೇ ಸೀಟು. ಮಕ್ಕಳನ್ನು ಹಿಂದೆ ಲೋಡ್ ಹಾಕುವ ಜಾಗದಲ್ಲಿ ಕೂರಿಸಲೇಬೇಡಿ.